ರಾಯರ ಗ್ರಂಥಸಂಪಾದನೆ

ಕನ್ನಡ ಪಂಡಿತಿಕೆಯಿಂದ ನಿವೃತ್ತನಾಗಿ, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಕಾಲಕ್ಷೇಪ ಮಾಡಬೇಕಾಗಿ ಬಂದ ನನಗೆ, ಶನಿವಾರ ಭಾನುವಾರಗಳನ್ನೆಲ್ಲ ಹಳೆಯ ಕಾರಿನಡಿಯಲ್ಲಿ ಅಂಗಾತ ಮಲಗಿಯೇ ಕಳೆಯುವ ಒಂದು ಭಕ್ತವರ್ಗ ಲೋಕದಲ್ಲಿದೆಯೆಂಬುದು ನೆರೆಮನೆಯ ರಾಯರ ಪರಿಚಯದಿಂದ ವಿದಿತವಾಯಿತು. ಈ ವರ್ಗದವರ ಮುಖಕ್ಕಿಂತ ಮೊದಲು ಪಾದದರ್ಶನವಾಗುವುದು ರೂಢಿ. ನನಗೂ ಹಾಗೆಯೇ ಆಯಿತು.

ರಾಯರ ಆರಾಧ್ಯದೈವ 1976ರ ಕಾರ್ವೆಟ್. ಕಾರ್ಖಾನೆಯ ಬಾಗಿಲು ದಾಟಿದಂದು ಅದು ಹೇಗಿದ್ದಿತೋ, ಬೋಲ್ಟು ನಟ್ಟುಗಳ ಸಮೇತ ಹಾಗೆಯೇ ಇರತಕ್ಕದ್ದೆಂಬುದರಲ್ಲಿ ಅವರ ನಿಷ್ಠೆ ನಮ್ಮ ಅಜ್ಜಿಯಂದಿರ ಮಡಿಯನ್ನೂ ನಾಚಿಸುವಂಥದು. ತನ್ನ ಕಾರಿಗೆ ಹೊಸ ಕಾಲದ ವೈಪರ್ ಹಾಕಿಸಿದ ಮಿತ್ರನೊಬ್ಬನೊಡನೆ ಅವರು ಮಾತು ಬಿಟ್ಟದ್ದುಂಟು. ಇಂಥ ರಾಯರು, ಅದೇ ಕಾರ್ಖಾನೆಯೇ ಕೂಡಿಸಿ ಕಳುಹಿದ ಕ್ಯಾಟಲಿಟಿಕ್ ಕನ್ವರ್ಟರನ್ನು ಮಾತ್ರ ಕಿತ್ತು, ಆ ಸ್ಥಾನದಲ್ಲಿ ಬರಿಯ ಪೈಪನ್ನು ಪ್ರತಿಷ್ಠಾಪಿಸಿದ್ದರು. ಕಾರಣ ಕೇಳಲಾಗಿ, ತನಗೆ ರುಚಿಸದ ಪದ್ಯವನ್ನು ಅಡಿಟಿಪ್ಪಣಿಗೆ ತಳ್ಳುವ ಸಂಪಾದಕನ ಗಾಂಭೀರ್ಯದಿಂದ, "ಅದು ಪ್ರಕ್ಷಿಪ್ತ, ಮೇಷ್ಟ್ರೇ. ಕವಿಯದಲ್ಲ, ಸರ್ಕಾರದ್ದು" ಎಂದರು.

ಸರ್ಕಾರದ ಕೈ ಇದ್ದುದು ದಿಟವೇ. ಲಾಸ್ ಏಂಜಲೀಸಿನವರ ಕಣ್ಣುರಿಸುತ್ತಿದ್ದ ಹೊಗೆಮಂಜು ಬಹುಮಟ್ಟಿಗೆ ಕಾರುಗಳ ನಿಶ್ವಾಸವೇ ಬಿಸಿಲಿನಲ್ಲಿ ಬೆಂದು ಆದದ್ದೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ 1950ರ ದಶಕದಲ್ಲಿ ತೋರಿಸಿಕೊಟ್ಟು, 1970ರ ಶುದ್ಧವಾಯು ಕಾಯಿದೆ ಅದನ್ನು ಹಿಂಬಾಲಿಸಿ, ಕಡೆಗೆ 1975ರ ಮಾದರಿಗಳಿಂದ ಆ ದೇಶದ ಬಹುಪಾಲು ಹೊಸ ಕಾರುಗಳ ಹೊಟ್ಟೆಯಡಿ, ಪ್ಲಾಟಿನಂ ಪಲ್ಲೇಡಿಯಂಗಳ ಬಲದಿಂದ ವಿಷಾನಿಲವನ್ನು ಸುಟ್ಟು ಸಾಧುವಾಗಿಸುವ ಈ ಡಬ್ಬಿ ಬಂದು ನೆಲಸಿತು. ಎಂಜಿನ್ನಿನ ಉಸಿರು ಕಟ್ಟಿಸಿ ಅದನ್ನು 180 ಅಶ್ವಶಕ್ತಿಯ ಬಡಪಾಯಿಯನ್ನಾಗಿಸಿತೆಂದು ರಾಯರು ಅದರ ಮೇಲೆ ಹರಿಹಾಯುವರು. ಸಾಲದೆಂಬಂತೆ, ಕೊಳೆತ ಮೊಟ್ಟೆಯ ವಾಸನೆ ಬೇರೆ ಎನ್ನುವರು. (ಹೊಸ ಮೊಟ್ಟೆಯನ್ನೇ ಹೊಸ್ತಿಲೊಳಗೆ ಬಿಡದ ಮನೆತನದವರಿಗೆ ಕೊಳೆತದ್ದರ ಜ್ಞಾನ ಎಲ್ಲಿಂದ ಒದಗಿತೋ, ನಾನು ಕೆದಕಲಿಲ್ಲ.) ಹೀಗೆ ಬಂಧಮುಕ್ತವಾದ ಅಶ್ವಗಳೆಲ್ಲ ಕೂಡಿ ಭಾನುವಾರ ಬೆಳಗ್ಗೆ ರಾಯರನ್ನು ಎಳೆದೊಯ್ಯುತ್ತಿದ್ದುದು ಕೊತ್ತಂಬರಿ ಸೊಪ್ಪಿನ ಅಂಗಡಿಗೆ, ಹಿಂದಿರುಗಿದಾಗ ಅವರ ಶ್ರೀಮತಿಯವರು ಸೊಪ್ಪಿನ ಕಟ್ಟನ್ನು ಮೂಸಿ ನೋಡಿ, ಮರುಮಾತಿಲ್ಲದೆ ಮೂರು ಸಲ ತೊಳೆಯುತ್ತಿದ್ದರು.

ಆದರೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಎಂಬ ಗ್ರಹಣಕಾಲ ಪ್ರಾಪ್ತವಾಗುತ್ತದೆ. ಪರೀಕ್ಷಕನು ಹೊಗೆಯನ್ನು ಅಳೆಯುವುದಷ್ಟೇ ಅಲ್ಲ, ಬಗ್ಗಿ ಡಬ್ಬಿಯನ್ನು ಕಣ್ಣಾರೆ ಕಂಡ ಹೊರತು ಪತ್ರ ಕೊಡನು. ಆಗ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ ಪ್ರಕ್ಷಿಪ್ತ ಭಾಗ ಕೆಳಗಿಳಿದು ಪುನಃ ಮೂಲಗ್ರಂಥವನ್ನು ಸೇರುವುದು. ಪರೀಕ್ಷೆ ಮುಗಿದ ಸಂಜೆಯೇ ಮತ್ತೆ ಸ್ಪ್ಯಾನರಿನ ಸದ್ದು.

ಅಂಥದೊಂದು ಮುನ್ನಾರಾತ್ರಿ ಟಾರ್ಚು ಹಿಡಿಯುವ ಸೇವೆ ನನ್ನ ಪಾಲಿಗೆ ಬಂದಿತ್ತು. 1975ರವರೆಗಿನ ಕಾರುಗಳಿಗೆ ಈ ಪರೀಕ್ಷೆಯೇ ಇಲ್ಲವೆಂದು ಅಳಿಯನಿಂದ ಕೇಳಿ ತಿಳಿದಿದ್ದ ನಾನು, "ಒಂದು ವರ್ಷ ಹಿಂದಿನದನ್ನೇ ಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವಲ್ಲ ರಾಯರೇ?" ಎಂದೆ.

ಸ್ಪ್ಯಾನರು ಕ್ಷಣಕಾಲ ನಿಂತಿತು.

"ನಾನು ಈ ದೇಶದಲ್ಲಿ ಇಳಿದದ್ದು ಎಪ್ಪತ್ತಾರರಲ್ಲಿ, ಮೇಷ್ಟ್ರೇ. ಶೋರೂಮಿನ ಗಾಜಿನ ಆಚೆ ನಿಂತಿತ್ತು, ಕೆಂಪಗೆ. ಜೇಬಿನಲ್ಲಿ ಬಸ್ಸಿನ ಚಾರ್ಜು ಮಾತ್ರ ಇತ್ತು" ಎಂದು ಕಾರಿನಡಿಯಿಂದ ಆ ಎರಡು ಪಾದಗಳು ನುಡಿದುವು. "ಬೆಳಕು ಇತ್ತ ತೋರಿಸಿ. ನಟ್ಟು ಕಾಣಿಸ್ತಿಲ್ಲ."