ಕೆಂಪು ಚುಕ್ಕಿ ಸರ

ಕೆರೂರ ಬಸ್‌ಸ್ಟ್ಯಾಂಡಿನ ಆಸುಪಾಸು ಯಾರನ್ನು ಕೇಳಿದರೂ ಅವರ ಅಂಗಡಿ ತೋರಿಸುತ್ತಾರೆ. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು. ಹೊರಗೆ ಚಪ್ಪಲಿಗಳ ಗುಡ್ಡೆ. ಖರೇ ಹೆಸರು ಏನೋ ಇದೆ, ಊರಿಗೆ ಮಾತ್ರ ಅವರು ಕೆಂಪು ಚುಕ್ಕಿ ಸರ. ಅರ್ಜಿಯ ಯಾವ ಖಾನೆಗೆ ಕೆಂಪು ಚುಕ್ಕಿ ಅಂಟಿಕೊಂಡಿದೆಯೋ ಅದು ತುಂಬದೆ ಬದುಕು ಮುಂದೆ ಸಾಗದು ಎಂದು ಊರಿಗೆ ಕಲಿಸಿದವರು ಅವರೇ.

ಸಾಫ್ಟ್‌ವೇರ್ ಬರೆಯುವವರದು ಅನುಮಾನದ ಜಾತಿ. ಅರ್ಜಿದಾರ ಏನು ಟೈಪಿಸಿದರೂ ನಂಬುವುದಿಲ್ಲ. ಬ್ರೌಸರಿನಲ್ಲಿ ಒಮ್ಮೆ, ಸರ್ವರಿನಲ್ಲಿ ಇನ್ನೊಮ್ಮೆ ತಪಾಸಣೆ. ಅವೆರಡಕ್ಕೂ ಮೊದಲಿನ ನಾಕಾ ನಮ್ಮ ಸರ. ಆಧಾರ್ ನಂಬರು ಹೇಳುವವರು "ಒಂದು" ಅಂತ ಬಾಯಿ ತೆಗೆದರೆ ಸಾಕು, ಕೈ ಎತ್ತುತ್ತಾರೆ: "ಸೊನ್ನಿ, ಒಂದರಿಂದ ಆಧಾರ ಶುರುವಾಗಂಗಿಲ್ರಿ." ಹನ್ನೆರಡನೆಯ ಅಂಕಿ ಬರೀ ಅಂಕಿಯಲ್ಲ, ಹಿಂದಿನ ಹನ್ನೊಂದರ ಮೇಲಿಟ್ಟ ಕಾವಲು. 1969ರಲ್ಲಿ ಡಚ್ ಗಣಿತಜ್ಞ ವೆರ್ಹೂಫ್ ಹೊಸೆದ ಆ ಲೆಕ್ಕ ಒಂದಂಕಿ ತಪ್ಪಿದರೂ, ಪಕ್ಕದ ಎರಡು ಅದಲುಬದಲಾದರೂ ಹಿಡಿಯುತ್ತದೆ. ಸರ್‌ಗೆ ವೆರ್ಹೂಫ್ ಗೊತ್ತಿಲ್ಲ. ಇಬ್ಬರದೂ ಒಂದೇ ಸ್ವಭಾವ. ಬ್ಯಾಂಕಿನ ಐಎಫ್‌ಎಸ್‌ಸಿಯಲ್ಲಿ ಐದನೆಯದು ಸೊನ್ನೆ, ಇಂಗ್ಲಿಷಿನ ಓ ಅಲ್ಲ ಎಂದು ದಿನಕ್ಕೆ ಹತ್ತು ಸಲವಾದರೂ ಗದರಿಸುತ್ತಾರೆ. ಲಗ್ನಕ್ಕೆ ಕರೆಯಲು ಹೋದವರ ಪತ್ರಿಕೆಯನ್ನೂ ತಿರುಗಿಸಿ ಮುರುಗಿಸಿ ನೋಡಿ, "ಪಿನ್ ಕೋಡ್ ಎಲ್ಲೈತ್ರಿ?" ಅಂದದ್ದುಂಟು.

ಮೊನ್ನೆ ಒಬ್ಬ ನೇಕಾರಕ್ಕ ಅರ್ಜಿ ತುಂಬಿಸಲು ಬಂದಳು.

"ಯಕ್ಕಾ, ಆಧಾರನ್ಯಾಗ ನಿನ್ನ ಹೆಸರಿಗೆ ಎರಡು ವಿ ಅದಾವು, ಪಾಸ್‌ಬುಕ್ಕಿನ್ಯಾಗ ಒಂದ ಡಬ್ಲ್ಯೂ ಐತಿ."

"ಎರಡು ವಿ ಕೂಡಿದ್ರ ಅದ ಅಲ್ಲೇನೋ ತಮ್ಮಾ? ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸಾಕಿ ನಾ. ನನಗ ಹೇಳ್ತಿ?"

ಇಳಕಲ್ ಸೀರೆಯ ತೋಪ ತೆನಿ ಎಂಬ ಈ ಕೂಡಿಕೆ ಬಲ್ಲವಳ ಮುಂದೆ ಸರ ಒಂದು ಕ್ಷಣ ಮೆತ್ತಗಾದರು. ಕಂಪ್ಯೂಟರು ಆಗಲಿಲ್ಲ.

"ಹುಟ್ಟಿದ ತಾರೀಖು?"

"ದೊಡ್ಡ ಬರ ಬಿದ್ದಾಗ ತೊಟ್ಟಲದಾಗ ಇದ್ನಿ."

1972ರ ಬರ. ಸರ ಆಧಾರ್ ಕಾರ್ಡು ನೋಡಿದರು: 01-06-1971. ಟೈಪಿಸಿದರು. ಕಂಪ್ಯೂಟರು ತಕ್ಷಣ ಒಪ್ಪಿತು. ನಮ್ಮ ಸೀಮೆಯಲ್ಲಿ ಹಳಬರೆಲ್ಲ ಜೂನ್ ಒಂದಕ್ಕೇ ಹುಟ್ಟಿದ್ದು ಹೇಗೆ ಎಂದು ಅದು ಕೇಳುವುದಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರೇ ಹಡೆದ ತಾರೀಖು ಅದು. ಸುಳ್ಳಾದರೂ ಅಚ್ಚುಕಟ್ಟಾಗಿದ್ದರೆ ಸೈ. ಪಾಪ, ಖರೇ ಹೆಸರೇ ಎರಡು ವಿ ಹಾಕಿಕೊಂಡು ಹೊರಗೆ ನಿಂತಿರುತ್ತದೆ.

ಕೊನೆಗೆ ಓಟಿಪಿ. ಅದು ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ ಮಗನ ಫೋನಿಗೆ ಹೋಯಿತು. ಅವನು ಸಿಮೆಂಟಿನ ಕೈ ಒರೆಸಿಕೊಂಡು ನೋಡುವಷ್ಟರಲ್ಲಿ ಗಡುವು ಮುಗಿಯಿತು. ಎರಡನೆಯ ಸಲ "ಆರು" ಅಂದದ್ದು ಸರ್‌ಗೆ "ನೂರು" ಅಂತ ಕೇಳಿಸಿತು. ಮೂರನೆಯ ಸಲಕ್ಕೆ ಪರದೆ ಹಸಿರಾಯಿತು.

"ಐವತ್ತು ಕೊಡು ಯಕ್ಕಾ."

ಸೆರಗಿನ ಗಂಟು ಬಿಚ್ಚಿ ಹತ್ತರ ನಾಣ್ಯ ಐದು ಎಣಿಸಿಟ್ಟಳು. ಸರ ಅವನ್ನು ಬೆರಳ ತುದಿಯಿಂದ ವಾಪಸು ನೂಕಿದರು.

"ಇವು ನಡ್ಯಂಗಿಲ್ಲ ಯಕ್ಕಾ, ನೋಟು ಕೊಡು."

"ಯಾಕ? ಸರಕಾರದ ರೊಕ್ಕ ಅಲ್ಲೇನು?"

"ಸರಕಾರದ್ದs. ಆದ್ರ ಊರಾಗ ಯಾರೂ ತಗೊಳ್ಳಂಗಿಲ್ಲ."

ಆಕೆ ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು.

"ಕೆಂಪು ಚುಕ್ಕಿ ಎಲ್ಲೈತಿ ತೋರಸು ನೋಡೋಣು."