ಬಿತ್ತುವಾಗ ಇಲ್ಲದ ಚುಕ್ಕಿಗಳು

ಟಾರ್ಚಿನ ಮುಖಕ್ಕೆ ಕೆಂಪು ಹಾಳೆ ಕಟ್ಟಿಕೊಂಡು, ನಡುರಾತ್ರಿ ಮಾಳಿಗೆಯ ಮೇಲೆ ನಕಾಶೆ ಬಿಚ್ಚಿ ಮಲಗಿದವನನ್ನು ಕುಂದಗೋಳದಲ್ಲಿ ಯಾರೂ ಖಗೋಳಪ್ರೇಮಿ ಎನ್ನುವುದಿಲ್ಲ. ಮೊದಲು ಓಣಿಯ ನಾಯಿಗಳಿಗೆ ಸಂಶಯ ಬರುತ್ತದೆ, ಆಮೇಲೆ ನಾಯಿಗಳಿಂದ ಮನುಷ್ಯರಿಗೆ ದಾಟುತ್ತದೆ. ಕೆಂಪು ಬೆಳಕಾದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ, ಅದಕ್ಕೇ ಈ ವೇಷ ಎಂದು ನಾನು ಮೇಲಿನಿಂದ ಕೂಗಿ ಹೇಳುವಷ್ಟರಲ್ಲಿ ಕೆಳಗೆ ಬಡಿಗೆಗಳು ಸೇರಿಬಿಟ್ಟಿದ್ದವು. "ನಿಧಿ ತಗ್ಯಾವ್ರು ಅಂತ ಮಾಡಿದ್ವೋ ಮಾರಾಯಾ" ಎನ್ನುತ್ತ ಪಕ್ಕದ ಮನೆಯ ಕಾಕಾ ಏಣಿ ಹತ್ತಿ ಬಂದರು. ನಿಧಿಯ ಆಸೆ ಪೂರ್ತಿ ಹೋಗಿರಲಿಲ್ಲವೇನೋ, ನಕಾಶೆ ಇಸಿದುಕೊಂಡು ಕಣ್ಣಾಡಿಸಿದರು.

"ಏ ತಮ್ಮಾ, ಮೂಡಣ ಎಡಕ್ಕೈತಲ್ಲೋ! ಯಾವ ತಲಾಟಿ ಬರದಾನ ಇದನ್ನ?"

ನ್ಯಾಯವಾದ ತಕರಾರು. ಹೊಲದ ನಕಾಶೆಯನ್ನು ನೆಲಕ್ಕೆ ಹಾಸಿ ಬಗ್ಗಿ ನೋಡುತ್ತೇವೆ. ಉತ್ತರ ಮೇಲಿದ್ದರೆ ಪೂರ್ವ ಬಲಕ್ಕೆ. ಆಕಾಶದ್ದನ್ನು ತಲೆಯ ಮೇಲೆತ್ತಿ ಕೆಳಗಿನಿಂದ ನೋಡಬೇಕು. ಕಾಕಾನ ಕೈಯಲ್ಲೇ ಅದನ್ನು ಎತ್ತಿ ಹಿಡಿಸಿ, ಉತ್ತರವನ್ನು ಉತ್ತರಕ್ಕೆ ತಿರುಗಿಸಿದೆ. ಎಡಕ್ಕಿದ್ದ ಮೂಡಣ ತಾನಾಗಿ ಮೂಡಣಕ್ಕೆ ಹೋಗಿ ಕೂತಿತು. ತಲಾಟಿಯ ಮರ್ಯಾದೆ ಉಳಿಯಿತು.

ತಲಾಟಿ ಅಂದದ್ದೂ ಒಂದು ರೀತಿಯಲ್ಲಿ ಸರಿಯೇ. ಆಕಾಶಕ್ಕೂ ಸರ್ವೆ ಆಗಿದೆ. ಕ್ರಿ.ಶ. 2ನೇ ಶತಮಾನದಲ್ಲಿ ಟಾಲೆಮಿ 48 ತಾರಾಪುಂಜಗಳನ್ನು ಪಟ್ಟಿ ಮಾಡಿದ್ದ. ಯುರೋಪಿನ ಹಡಗಿನವರು ದಕ್ಷಿಣಕ್ಕೆ ಇಳಿದಂತೆ ಅಲ್ಲಿಯ ಚುಕ್ಕಿಗಳೂ ಪಟ್ಟಿಗೆ ಸೇರುತ್ತ ಹೋದವು. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಲ್ಲ ಕೂಡಿಸಿ 88 ಎಂದು ನಿಕ್ಕಿ ಮಾಡಿತು. 1930ರಲ್ಲಿ ಬೆಲ್ಜಿಯಂನ ಡೆಲ್‌ಪೋರ್ಟ್ ಎಂಬಾತ ಅವುಗಳ ನಡುವೆ ಬಾಂದುಕಲ್ಲು ನೆಟ್ಟಂತೆ ಗಡಿ ಎಳೆದ. ಈಗ ಆಕಾಶದ ಯಾವ ಮೂಲೆಗೆ ಬೆರಳು ಮಾಡಿದರೂ ಅದು ಒಂದಲ್ಲ ಒಂದು ನಂಬರಿಗೆ ಸೇರಿದ್ದೇ. ಗಾಯರಾಣ ಅಂತ ಒಂದು ಮೊಳ ಜಾಗವನ್ನೂ ಬಿಟ್ಟಿಲ್ಲ. ಕಾಕಾ ಇದನ್ನು ಕೇಳಿ ಕೇಳಿದ್ದು ಒಂದೇ ಮಾತು: "ಇಷ್ಟು ದಿವಸಾದ್ರೂ ಯಾರೂ ಬದು ಒತ್ತಿಲ್ಲೇನು?"

ನಮ್ಮ ಕಡೆಯವರಿಗೆ ನಕ್ಷತ್ರ ಗೊತ್ತಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. 27ರ ಪೈಕಿ ಅರ್ಧದಷ್ಟು ಹೆಸರು ಎರೆಹೊಲದ ಒಕ್ಕಲಿಗನ ನಾಲಿಗೆ ತುದಿಯಲ್ಲಿವೆ. ರೋಹಿಣಿ ಮಳಿಯಾದ್ರ ಓಣಿ ತುಂಬ ಜ್ವಾಳ. ಮಿರಗ ಕೂಡಿದರೆ ಬಿತ್ತಿಗೆ. ಆರಿದ್ರಾ ಈ ಸಲ ಕಪ್ಪೆಯ ಮೇಲೆ ಬರುತ್ತದೋ ಕತ್ತೆಯ ಮೇಲೋ ಎಂದು ಪಂಚಾಂಗ ಕೇಳುತ್ತಾರೆ. ಹಸ್ತ, ಚಿತ್ತಿ ಕೈಕೊಟ್ಟರೆ ಹಿಂಗಾರಿ ಗೋಳು. ತಮಾಷೆಯೆಂದರೆ ಇಷ್ಟು ಬಳಕೆಯ ಹೆಸರಿನವರನ್ನು ಅವರ ಮಳೆಯಲ್ಲಿ ಕಂಡವರೇ ಇಲ್ಲ. ಮೋಡದ ಮಾತು ಹಾಗಿರಲಿ. ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದ ನೆರೆಗೆ ಬಂದಿರುವ ಹದಿಮೂರು-ಹದಿನಾಲ್ಕು ದಿನ, ಜೂನ್ 22ರ ಸುಮಾರಿನಿಂದ. ಆಗ ಆ ಚುಕ್ಕಿ ಹಗಲೆಲ್ಲ ಸೂರ್ಯನ ಜೊತೆಗೇ ಮೇಲಿರುತ್ತದೆ, ಅವನ ಜೊತೆಗೇ ಮುಳುಗುತ್ತದೆ. ಅಂದರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಹೊತ್ತಿಗೆ ಸರಿಯಾಗಿ ಗೈರುಹಾಜರು.

ಮದುವೆಯಲ್ಲೂ ಇದೇ ಕಥೆ. ಮೇ ತಿಂಗಳ ಮೊದಲ ವಾರ, ಮಟಮಟ ಮಧ್ಯಾಹ್ನ, ಅರುಂಧತಿ ಕಂಡಳೇ ಎಂದು ಕೇಳುತ್ತಾರೆ; ಸೆಕೆಗೆ ಬೆಂದ ವರ ಕಂಡಳು ಎನ್ನುತ್ತಾನೆ. ಲೆಕ್ಕ ಹಾಕಿ ನೋಡಿದೆ. ಆ ಹೊತ್ತಿಗೆ ಸಪ್ತರ್ಷಿಗಳ ಬಾಲದ ವಸಿಷ್ಠ-ಅರುಂಧತಿ ಜೋಡಿ ಕುಂದಗೋಳದ ದಿಗಂತದಿಂದ ಕೆಳಗೆ ಇಳಿದಿರುತ್ತದೆ. ಸೂರ್ಯನನ್ನು ಆರಿಸಿದರೂ ಕಾಣದು! ಪ್ರಾಮಾಣಿಕ ಪುರೋಹಿತರಾದರೆ ಉತ್ತರ ದಿಕ್ಕಿನ ನೆಲಕ್ಕೆ ಬೆರಳು ಮಾಡಬೇಕು.

ರಾತ್ರಿ ಹುಡುಕಿದರೂ ಅರುಂಧತಿ ಸುಲಭದ ಸೊಸೆಯಲ್ಲ. ವಸಿಷ್ಠನ ಕಾಂತಿಮಾನ 2.2, ಇವಳದು 4. ನಾಲ್ಕು ದೊಡ್ಡದಲ್ಲವೇ ಎಂದು ಹಿಗ್ಗಬೇಡಿ, ಈ ಲೆಕ್ಕ ಉಲ್ಟಾ. ಕಣ್ಣಿಗೆ ಕಾಣುವ ಚುಕ್ಕಿಗಳಲ್ಲಿ ಪ್ರಖರವಾದವು ಒಂದನೇ ದರ್ಜೆ, ಕಂಡೂ ಕಾಣದಂಥವು ಆರನೆಯದು ಎಂಬುದು ಗ್ರೀಕರ ಕಾಲದ ರೂಢಿ. 1856ರಲ್ಲಿ ನಾರ್ಮನ್ ಪಾಗ್‌ಸನ್ ಅದನ್ನು ಗಣಿತಕ್ಕೆ ಕಟ್ಟಿಹಾಕಿದ: ಒಂದಕ್ಕೂ ಆರಕ್ಕೂ ನೂರು ಪಟ್ಟು ಅಂತರ, ಒಂದೊಂದು ಮೆಟ್ಟಿಲಿಗೆ ಸುಮಾರು ಎರಡೂವರೆ ಪಟ್ಟು. ಈ ಪುಣ್ಯಾತ್ಮ 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದು, ಮೂವತ್ತು ವರ್ಷ ದುಡಿದು ಅಲ್ಲೇ ತೀರಿಕೊಂಡ. ಅವನ ಲೆಕ್ಕದಲ್ಲಿ ಅರುಂಧತಿ ವಸಿಷ್ಠನಿಗಿಂತ ಐದು ಪಟ್ಟು ಮಂಕು. ರಾತ್ರಿಯ ಆಕಾಶದಲ್ಲೇ ಅತಿ ಪ್ರಖರ ನಕ್ಷತ್ರವಾದ ಲುಬ್ಧಕ ಸೊನ್ನೆಗಿಂತಲೂ ಕೆಳಗಿಳಿದು ಮೈನಸ್ 1.46ರಲ್ಲಿ ಮೆರೆಯುತ್ತಾನೆ. ನನ್ನ ಖಾತೆ ಸೊನ್ನೆಯ ಕೆಳಗಿಳಿದಾಗ ಬ್ಯಾಂಕಿನವರು ಇಂಥ ಗೌರವವನ್ನೇನೂ ತೋರಿಸಿರಲಿಲ್ಲ.

ಧ್ರುವನ ಬಗ್ಗೆಯೂ ಜನಕ್ಕೆ ಅತಿ ನಿರೀಕ್ಷೆ. ಎರಡನೇ ದರ್ಜೆಯ ಸಾಧಾರಣ ಚುಕ್ಕಿ ಅದು. ಎಲ್ಲಿ ನಿಂತು ನೋಡುತ್ತೀರೋ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ನಮ್ಮೂರಿಗೆ 15 ಡಿಗ್ರಿ; ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಅಷ್ಟು ಕೆಳಗೆ ಹುಬ್ಬಳ್ಳಿಯ ಬೆಳಕಿನ ಮಬ್ಬು, ಬೇವಿನ ಮರ, ಯಾರದೋ ನೀರಿನ ಟ್ಯಾಂಕು ಎಲ್ಲ ಅಡ್ಡ ಬರುತ್ತವೆ. ದಕ್ಷಿಣಕ್ಕೆ ಹೊರಳಿದರೆ ಅಗಸ್ತ್ಯ ಎದುರಾಗುತ್ತಾನೆ, ಪ್ರಖರತೆಯಲ್ಲಿ ಲುಬ್ಧಕನ ನಂತರದವ. ಲಂಡನ್ನಿನವರಿಗೆ ಅವನು ಯಾವ ಕಾಲಕ್ಕೂ ಕಾಣುವುದಿಲ್ಲ. ನಮಗೆ ಇಷ್ಟಾದರೂ ಇರಲಿ.

ರಾತ್ರಿ ಎಚ್ಚರ ಇರುವುದೇನೋ ಕುಂದಗೋಳಕ್ಕೆ ಹೊಸದಲ್ಲ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಇದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಇಲ್ಲಿ ಕಲಿತರು. ಗುರುಗಳ ಪುಣ್ಯತಿಥಿಯ ಸೆಪ್ಟೆಂಬರಿನಲ್ಲಿ ನಾಡಿಗೇರ ವಾಡೆಯ ಸಂಗೀತ ಕಚೇರಿಯಿಂದ ರಾತ್ರಿ ಮೂರಕ್ಕೆ ಚಹಾ ಹುಡುಕಿಕೊಂಡು ಹೊರಬಂದರೆ, ಮೋಡ ಹರಿದಿದ್ದರೆ, ಪೂರ್ವದಲ್ಲಿ ಆರಿದ್ರಾ ಎದ್ದು ಕೂತಿರುತ್ತದೆ. ಆದರೆ ಆ ಹೊತ್ತಿನ ಚರ್ಚೆಯೆಲ್ಲ ಒಳಗಿನ ತಾನಿನದೇ. ತಲೆ ಎತ್ತಿದವರನ್ನು ನಾನು ಕಂಡಿಲ್ಲ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತ ಬರುವುದರಿಂದ ತಿಂಗಳಿಗೆ ಎರಡು ತಾಸು ಉಳಿತಾಯ. ಕಾದರೆ ಜನವರಿಗೆ ಊಟದ ಹೊತ್ತಿಗೇ ಸಿಗುತ್ತವೆ.

ಜನವರಿಯಲ್ಲಿ ಕಾಕಾ ಮೆಣಸಿನಕಾಯಿ ಕಾಯಲು ಹೊಲದಲ್ಲೇ ಮಲಗುತ್ತಾರೆ. ನಕಾಶೆ ಹಿಡಿದು ಹೋದೆ. ಕಣದ ತುಂಬ ಹರವಿದ ಬ್ಯಾಡಗಿ ಕಾಯಿ ಕತ್ತಲಲ್ಲಿ ಕಪ್ಪಗಿತ್ತು, ಘಾಟು ಮಾತ್ರ ಮೂಗಿಗೆ ಹತ್ತುತ್ತಿತ್ತು. ಕಾಕಾ ಕಂಬಳಿಯಲ್ಲಿ ಅಂಗಾತ ಬಿದ್ದುಕೊಂಡಿದ್ದರು. ಒಂಬತ್ತೂವರೆಗೆ ರೋಹಿಣಿ ನೆಟ್ಟ ನೆತ್ತಿಯ ಮೇಲೆ ಬಂತು, ಕೆಂಪಗೆ. ಅದರ ಪೂರ್ವಕ್ಕೆ ಮಹಾವ್ಯಾಧ. ಅವನ ತಲೆಯ ಕಡೆ ಒತ್ತಾಗಿ ಕೂತ ಮೂರು ಸಣ್ಣ ಚುಕ್ಕಿ ಮಿರಗ, ಭುಜದ ಕೆಂಪು ಚುಕ್ಕಿ ಆರಿದ್ರಾ.

"ಇಷ್ಟss ಏನು ಮಿರಗ?" ಎಂದರು ಕಾಕಾ. ಬಿತ್ತಿಗೆಯ ಮಳೆಗೆ ಮೂರು-ನಾಲ್ಕನೇ ದರ್ಜೆಯ ಚುಕ್ಕಿ ಎಂಬುದು ಅವರಿಗೆ ಸರಿಬರಲಿಲ್ಲ. ಆಮೇಲೆ ರೋಹಿಣಿಗೆ ತಿರುಗಿದರು. "ಈಗ ಬಂದು ನಿಂತಾಳ ನೋಡು, ಸುಗ್ಗಿ ಹೊತ್ತಿಗೆ. ಬಿತ್ತೂವಾಗ ಎಲ್ಲಿ ಹೋಗಿದ್ಲಂತ?"

ನಾನು ಮಾತು ಬದಲಿಸಿ ಆರಿದ್ರಾದ ಸುದ್ದಿ ತೆಗೆದೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಹಠಾತ್ತನೆ ಮಂಕಾಗಿತ್ತು. ಸಿಡಿದೇ ಹೋಗುತ್ತದೇನೋ ಎಂದು ಜಗತ್ತಿನ ದುರ್ಬೀನುಗಳೆಲ್ಲ ಅತ್ತ ತಿರುಗಿದ್ದವು. ಕಡೆಗೆ ನೋಡಿದರೆ ನಕ್ಷತ್ರವೇ ಉಗುಳಿದ ಅನಿಲ ತಣ್ಣಗಾಗಿ ಧೂಳಿನ ಮೋಡವಾಗಿ ಅದರ ಮುಖಕ್ಕೇ ಅಡ್ಡ ನಿಂತಿತ್ತು ಎಂದು ವಿವರಿಸಿದೆ.

ಕಾಕಾ ಕಂಬಳಿ ಎಳೆದುಕೊಂಡರು. "ಆರಿದ್ರಾಕ್ಕ ಮ್ವಾಡ ಬಂದ್ರ ಗಾಬರಿ ಯಾಕೋ ಆಗತೀರಿ? ಬರದಿದ್ರ ಆಗ್ಬೇಕಪಾ ಗಾಬರಿ."