ಗುರುವಾರನ ಯಾಕ?

ಮಾಘ ಮಾಸ ಬಂತೆಂದರೆ ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಎಲ್ಲರ ಅಂಗಳವೂ ಕೆಂಪು. ಸಂಕೇಶ್ವರಿ ಮೆಣಸಿನಕಾಯಿ ಹರವಿರುತ್ತಾರೆ. ಹೆಸರು ಸಂಕೇಶ್ವರದ್ದು, ಪೇಟೆ ನಮ್ಮೂರಿನದು. ವರ್ಷದ ಖಾರ ಕುಟ್ಟಿಸುವ ಮೊದಲು ಒಂದೊಂದೇ ಕಾಯಿಯ ತೊಟ್ಟು ಬಿಡಿಸಬೇಕು. ಒಬ್ಬರೇ ಕೂತರೆ ಮುಗಿಯದ ಕೆಲಸ. ನಮ್ಮ ಮನೆಗೂ ಪಕ್ಕದ ವೈನಿಯ ಮನೆಗೂ ನಡುವೆ ನಾಲ್ಕು ಕಲ್ಲುಕಂಬ, ಎರಡೆಳೆ ತಂತಿ. ಆಚೆ ಅವರ ಮೊರ, ಈಚೆ ನನ್ನ ಮೊರ.

"ಬಾಯಾರ, ಗುರುವಾರ ಬಂದು ಅಡ್ಮಿಟ್ ಆಗ್ರಿ ಅಂದಾರ," ಅಂದರು ವೈನಿ.

"ಬ್ಯಾನಿ ಶುರು ಆಗ್ಯಾವೇನು?"

"ಇಲ್ಲ. ಬ್ಯಾನಿ ತರಸ್ತಾರಂತ."

ಅವರ ಮಗಳದು ಚೊಚ್ಚಲ. ಇಚಲಕರಂಜಿಗೆ ಕೊಟ್ಟಿದ್ದಾರೆ. ಗಂಡನ ಮನೆಯಲ್ಲಿ ಎಂಟು ಪವರ್‌ಲೂಮ್. ಹಗಲು ಪಾಳಿ, ರಾತ್ರಿ ಪಾಳಿ ಮಗ್ಗದ ಸದ್ದು ನಿಲ್ಲುವುದಿಲ್ಲ. ಏಳನೇ ತಿಂಗಳ ಕುಬಸ ಆದಮೇಲೆ ಹುಡುಗಿ ತವರಿಗೆ ಬಂದಿದ್ದಾಳೆ. ನಾನು 31 ವರ್ಷ ಗಡಹಿಂಗ್ಲಜ, ಆಜರಾ, ಚಂದಗಡ ತಾಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ನರ್ಸಬಾಯಿಯಾಗಿ ದುಡಿದವಳು. ಹಾಗಾಗಿ ಓಣಿಯ ಬಸುರಿಯರ ಫೈಲುಗಳೆಲ್ಲ ಒಮ್ಮೆ ನನ್ನ ಕೈಗೆ ಬಂದು ಹೋಗುತ್ತವೆ.

"ಗುರುವಾರನ ಯಾಕ?" ಅಂತ ಕೇಳಿದೆ.

ಒಂದು ಕಾರಣ ಕೇಳಿದರೆ ಮೂರು ಬಂದವು. ಇಚಲಕರಂಜಿಯ ಬೀಗತಿ ಕಾಲನಿರ್ಣಯ ಕ್ಯಾಲೆಂಡರ್ ತಿರುವಿ ನೋಡಿದ್ದಾರೆ, ಆ ದಿನ ಗುರುಪುಷ್ಯಾಮೃತ. ಬಂಗಾರ ಕೊಳ್ಳುವ ದಿನ, ಮೊಮ್ಮಗು ಬಂದರೆ ಅದಕ್ಕಿಂತ ಬಂಗಾರ ಬೇರೆ ಯಾವುದು? ಅಳಿಯನಿಗೆ ಆ ವಾರ ಸೂಟಿ ಸಿಗುತ್ತದೆ. ಇನ್ನು ಡಾಕ್ಟರ್: ಅವರದು ಸಣ್ಣ ನರ್ಸಿಂಗ್ ಹೋಂ, ಭೂಲ್ (ಅರಿವಳಿಕೆ) ಕೊಡುವ ಡಾಕ್ಟರ್ ಬೇರೆ ಊರಿನಿಂದ ಬರಬೇಕು, ಹಗಲು ಹೊತ್ತಿನಲ್ಲಾದರೆ ಎಲ್ಲರಿಗೂ ಅನುಕೂಲ, ವಾರ ಹೇಗೂ 39 ತುಂಬುತ್ತದೆ. ಈ ಮೂರನೆಯದನ್ನು ನಾನು ತಳ್ಳಿಹಾಕಲಾರೆ. ರಾತ್ರಿ ಎರಡು ಗಂಟೆಗೆ ಕೂಸಿನ ಎದೆಬಡಿತ ಇಳಿಯುವಾಗ ಭೂಲ್ ಕೊಡುವವರು 30 ಕಿಲೋಮೀಟರ್ ಆಚೆ ಇದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಅಳಿಯಾರು ಮೊಬೈಲಿನ್ಯಾಗ ಓದ್ಯಾರ, ಅಮೆರಿಕಾದಾಗ 39ಕ್ಕ ಬ್ಯಾನಿ ತರಿಸಿದ್ರ ಸೀಜರ್ ಕಮ್ಮಿ ಆಕ್ಕಾವಂತ. ಖರೇನ?"

ಖರೆ. 2018ರಲ್ಲಿ ಬಂದ ಅಧ್ಯಯನ ಅದು, ಅರೈವ್ ಅಂತ ಹೆಸರು. ಅಮೆರಿಕದ 41 ಆಸ್ಪತ್ರೆಗಳಲ್ಲಿ, ಯಾವ ತೊಂದರೆಯೂ ಇಲ್ಲದ 6,106 ಚೊಚ್ಚಲ ಬಸುರಿಯರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ 39ನೇ ವಾರದಲ್ಲಿ ನೋವು ತರಿಸಿದರು, ಇನ್ನೊಂದು ಪಾಲಿನವರನ್ನು ಕಾಯಿಸಿದರು. ನೋವು ತರಿಸಿದವರಲ್ಲಿ ಸಿಸೇರಿಯನ್ ಶೇ. 18.6, ಕಾದವರಲ್ಲಿ ಶೇ. 22.2. ಬಿಪಿ ಏರುವ ತೊಂದರೆಯೂ ಮೊದಲಿನವರಲ್ಲಿ ಕಡಿಮೆ. ಕೂಸುಗಳ ಸ್ಥಿತಿಯಲ್ಲಿ ಮಾತ್ರ ಗಟ್ಟಿಯಾಗಿ ಹೇಳುವಂಥ ಫರಕು ಕಾಣಲಿಲ್ಲ. "ನೋವು ತರಿಸಿದರೆ ಕಡೆಗೆ ಸೀಜರೇ" ಅಂತ ನಾನೂ ಎಷ್ಟೋ ವರ್ಷ ನಂಬಿದ್ದೆ. ಆ ನಂಬಿಕೆಯನ್ನು ಈ ಅಧ್ಯಯನ ಅಲುಗಾಡಿಸಿತು, ಒಪ್ಪುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಏನು ಹೇಳಿತು ಅನ್ನುವುದನ್ನೂ ನೋಡಬೇಕು: ತೊಂದರೆ ಇಲ್ಲದ ಬಸುರಿಗೆ 41 ವಾರದ ಒಳಗೆ ನೋವು ತರಿಸಿ ಅಂತ ಅದು ಸಲಹೆ ಕೊಡುವುದಿಲ್ಲ, 41 ತುಂಬಿದ್ದು ಖಾತ್ರಿಯಾದರೆ ತರಿಸಿ ಅನ್ನುತ್ತದೆ.

"ಹಂಗಾದ್ರ ಯಾರದು ಖರೆ?" ವೈನಿಯ ಕೈ ಮೊರದ ಮೇಲೆ ನಿಂತಿತು.

ನನ್ನ ಕಣ್ಣಿಗೆ ಬೀಳುವುದು ಬೇರೆ. ಗುಳಿಗೆ, ಜೆಲ್, ಬಾಟಲಿ, ಅವು ಎಲ್ಲ ಕಡೆಯೂ ಅವೇ. ಹಚ್ಚಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಯಾರು ಪಕ್ಕದಲ್ಲಿ ಕೂತು ಕಾಯುತ್ತಾರೆ ಅನ್ನುವುದರಲ್ಲಿ ಒಂದು ದವಾಖಾನೆಗೂ ಇನ್ನೊಂದಕ್ಕೂ ಅಂತರ.

ವೈನಿಗೆ ಹೇಳಿದೆ: "ಮೊದಲ ಕೈ ತೊಳಕೊಂಡ ಬರ್ರಿ. ಈಗ ಮೂಗಿನ ತುದಿ ಒತ್ತಿ ನೋಡ್ರಿ. ಆಮ್ಯಾಲ ತುಟಿ ಮುಟ್ರಿ."

ಮುಟ್ಟಿ ನೋಡಿದರು.

"ಪಿಶವಿ ಬಾಯಿ ಮೂಗಿನ ತುದಿ ಹಂಗ ಗಟ್ಟಿ ಇದ್ರ ಅದು ಇನ್ನೂ ಕಾಯಿ. ತುಟಿ ಹಂಗ ಮೆತ್ತಗ ಆಗಿದ್ರ ಹಣ್ಣಾಗೈತಿ. ಹಣ್ಣಾಗಿದ್ರ ಬ್ಯಾನಿ ತರಸೂದು ಹಗುರ. ಕಾಯಿ ಇದ್ದಾಗ ಮೊದಲ ಹಣ್ಣ ಮಾಡಬೇಕು, ಅದಕ್ಕ ಒಂದು ದಿನ, ಒಮ್ಮೊಮ್ಮೆ ಎರಡು ದಿನ."

ತರಬೇತಿಯಲ್ಲಿ ನಮಗೆ ಕಲಿಸಿದ್ದು ಹೀಗೆಯೇ. ಡಾಕ್ಟರರು ಇದಕ್ಕೆ ಅಂಕ ಕೊಡುತ್ತಾರೆ, 1964ರಿಂದ ಬಳಕೆಯಲ್ಲಿರುವ ಬಿಷಪ್ ಸ್ಕೋರ್. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಯಾವ ಕಡೆ ತಿರುಗಿದೆ, ಕೂಸಿನ ತಲೆ ಎಷ್ಟು ಇಳಿದಿದೆ. ಒಟ್ಟು 13. ಆರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನೂ ಕಾಯಿ. ಈ ಅಂಕ ಎಷ್ಟು ಅಂತ ಕೇಳುವ ಹಕ್ಕು ಪ್ರತಿ ಬಸುರಿಗೂ ಇದೆ. 31 ವರ್ಷದಲ್ಲಿ ಕೇಳಿದವರನ್ನು ನಾನು ನೋಡಿಲ್ಲ.

ಹಣ್ಣಾಗಿಸುವುದಕ್ಕೂ ಹೊತ್ತು ಬೇಕು. ನಮ್ಮದೇ ರಾಜ್ಯದ ನಾಗಪುರದಲ್ಲಿ, ಸರಕಾರಿ ಆಸ್ಪತ್ರೆಗಳಲ್ಲಿ, ಬಿಪಿ ಏರಿದ 602 ಬಸುರಿಯರ ಮೇಲೆ ಒಂದು ಅಧ್ಯಯನ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನಕ್ಕೆ ಎರಡು ತಾಸಿಗೊಮ್ಮೆ ಮಿಸೊಪ್ರೋಸ್ಟಾಲ್ ಗುಳಿಗೆಯ ಸಣ್ಣ ಪ್ರಮಾಣ ಬಾಯಿಂದ ಕೊಟ್ಟರು, ಉಳಿದವರಿಗೆ ಫೋಲಿ ನಳಿಕೆಯ ಬಲೂನು ಇಟ್ಟರು. 24 ತಾಸಿನೊಳಗೆ ಸಹಜವಾಗಿ ಹೆತ್ತವರು ಗುಳಿಗೆಯವರಲ್ಲಿ ನೂರಕ್ಕೆ ಸುಮಾರು 57, ಬಲೂನಿನವರಲ್ಲಿ 47. ಅಂದರೆ ಒಂದು ಹಗಲು ಒಂದು ರಾತ್ರಿ ಕಳೆದರೂ ಹತ್ತಿರ ಹತ್ತಿರ ಅರ್ಧ ಜನಕ್ಕೆ ಹಾಗೆ ಹೆರಿಗೆ ಆಗಿರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗುಳಿಗೆ ಇಟ್ಟು ಸಂಜೆ ಏಳಕ್ಕೆ "ಬ್ಯಾನಿ ಏರವಲ್ಲವು, ಸೀಜರ್ ಮಾಡೂಣು" ಅಂದರೆ ಸೋತವಳು ಬಸುರಿಯಲ್ಲ. ಅವಳಿಗೆ ಹೊತ್ತು ಕೊಟ್ಟಿಲ್ಲ, ಅಷ್ಟೇ. ಅಮೆರಿಕದ ಅಂಕಿ ಇಲ್ಲಿಗೆ ತರುವವರು ಅಲ್ಲಿಯ ತಾಳ್ಮೆಯನ್ನೂ ಜೊತೆಗೆ ತರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರಕಾರಿಯಲ್ಲಿ ಶೇ. 14.3. ಎಲ್ಲವೂ ಅನಗತ್ಯ ಅಂತ ನಾನು ಹೇಳಲಾರೆ. ಇಷ್ಟು ಅಂತರ ಬಸುರಿಯರ ಮೈಯಿಂದಲೇ ಬಂದದ್ದು ಅಂತಲೂ ನಂಬಲಾರೆ.

ಬಾಟಲಿಯಲ್ಲಿ ಹಾಕುವ ಔಷಧದ ಹೆಸರು ಆಕ್ಸಿಟೋಸಿನ್ ಅಂದಾಗ ವೈನಿ ಬೆಚ್ಚಿದರು. "ಎಮ್ಮಿ ಸೊರಾ ಬಿಡಾಕ ಚುಚ್ಚತಾರಲ್ಲ, ಅದಽ?" ಅದೇ. ಡೈರಿಯ ಸೀಮೆಯವರಿಗೆ ಇದು ಹೇಳಿಕೊಡಬೇಕಾದ ಹೆಸರಲ್ಲ. ಎಮ್ಮೆಗಳಿಗೆ ಹೀಗೆ ದುರ್ಬಳಕೆ ಆಗುತ್ತದೆ ಅಂತಲೇ ಕೇಂದ್ರ ಸರಕಾರ 2018ರಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಇದನ್ನು ತಯಾರಿಸಬಾರದು, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿ ಒಂದೇ ತಯಾರಿಸಲಿ ಅಂತ ಆದೇಶ ಹೊರಡಿಸಿತ್ತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸುವ ಔಷಧಕ್ಕೆ ಕೊರತೆ ಬಂದೀತು ಅಂತ ಕೆಲವರು ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಔಷಧ ಒಳ್ಳೆಯದೇ. ಹನಿ ಎಣಿಸಿ ಬಿಡಬೇಕು, ಕೂಸಿನ ಎದೆಬಡಿತ ಮತ್ತೆ ಮತ್ತೆ ಕೇಳಬೇಕು. ನೋವು ಒಂದರ ಮೇಲೊಂದು ಬಿಡುವಿಲ್ಲದೆ ಬಂದರೆ ಕೂಸಿಗೆ ಉಸಿರು ಸಾಲದು. ಮನೆಯಲ್ಲಿ ಯಾರೋ ಬಂದು "ಬ್ಯಾನಿ ಏರೋ ಸೂಜಿ" ಚುಚ್ಚುವುದು ಕೊಲೆಗೆ ಸಮ. ಮೊದಲು ಸಿಸೇರಿಯನ್ ಆದವಳಿಗಂತೂ ಹಳೆ ಹೊಲಿಗೆ ಬಿಚ್ಚುವ ಭಯ, ಮಿಸೊಪ್ರೋಸ್ಟಾಲ್ ಕೊಡಲೇಬಾರದು. ಹರಳೆಣ್ಣೆ ಕುಡಿಸುವ ಮಾತು ತೆಗೆದ ವೈನಿಗೆ ಕೈಮುಗಿದೆ, ಭೇದಿಯಾಗಿ ಹುಡುಗಿ ಸೊರಗುತ್ತಾಳೆ, ಬೇಡ.

ಅಷ್ಟರಲ್ಲಿ ಹುಡುಗಿಯೇ ಫೈಲು ಹಿಡಿದು ಬಂದಳು. ತಂತಿ ಎತ್ತಿ ಅವಳನ್ನು ನನ್ನ ಕಟ್ಟೆಗೆ ಕರೆದುಕೊಂಡೆ. ನಾನು ಕಡೆಯ ಸ್ಕ್ಯಾನ್ ಬದಿಗಿಟ್ಟು ಮೊದಲನೆಯದನ್ನು ಹುಡುಕಿದೆ, ಹುಡುಗಿಯ ಆಧಾರ್ ಜೆರಾಕ್ಸಿನ ಹಿಂದೆ ಮಡಚಿಕೊಂಡಿತ್ತು. ಮುಟ್ಟಿನ ಲೆಕ್ಕದಲ್ಲಿ ಅಂದು 12 ವಾರ 1 ದಿನ ಆಗಿರಬೇಕಿತ್ತು. ಸ್ಕ್ಯಾನ್ ಹೇಳಿದ್ದು 10 ವಾರ 6 ದಿನ.

"ತಂಗಿ, ನಿನಗ ತಿಂಗಳಾ ತಿಂಗಳಾ ಬರೋಬರಿ ಹೊರಗ ಆಗ್ತಿತ್ತೇನು?"

"ಇಲ್ಲ ಕಾಕೂ. ಯಾವಾಗ್ಲೂ ಮೂವತ್ತೈದು, ನಲವತ್ತು ದಿನ ಹಿಡಿತಿತ್ತು."

ಯಾರೂ ಅದನ್ನು ಕೇಳಿರಲಿಲ್ಲ. ಮುಟ್ಟಿನಿಂದ 280 ದಿನ ಎಣಿಸುವ ಲೆಕ್ಕ 28 ದಿನಕ್ಕೆ ಮುಟ್ಟಾಗುವವರಿಗೆ ಹೊಂದುವಂಥದ್ದು. ಮೊದಲ ಮೂರು ತಿಂಗಳಲ್ಲಿ ಎಲ್ಲ ಕೂಸುಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಆದ್ದರಿಂದ ಆಗಿನ ಸ್ಕ್ಯಾನಿಗೆ ನಂಬಿಕೆ ಹೆಚ್ಚು. ಆ ಹೊತ್ತಿನಲ್ಲಿ ಏಳು ದಿನಕ್ಕಿಂತ ಹೆಚ್ಚು ಫರಕು ಬಂದರೆ ಸ್ಕ್ಯಾನಿನ ಲೆಕ್ಕವನ್ನೇ ಹಿಡಿಯಬೇಕು. ಇಲ್ಲಿ ಒಂಬತ್ತು ದಿನ. ಗೋಡೆಯ ಕಾಲನಿರ್ಣಯ ಇಳಿಸಿ, ತಾಯಿ-ಮಗಳ ಎದುರಿಗೆ ಬೆರಳಿಟ್ಟು ಎಣಿಸಿದೆ. ಗುರುಪುಷ್ಯದ ಗುರುವಾರಕ್ಕೆ 39 ವಾರ 2 ದಿನವಲ್ಲ. ಸರಿಯಾಗಿ 38 ವಾರ.

ಎಂಟೊಂಬತ್ತು ದಿನದಲ್ಲಿ ಏನು ಮಹಾ ಅನ್ನಬಹುದು. ಒಮ್ಮೆ ಮುಹೂರ್ತ ನೋಡಿ 37 ವಾರಕ್ಕೆ ತೆಗೆಸಿದ ಕೂಸೊಂದು ಉಸಿರಾಡಲು ಪಕ್ಕೆ ಒಳಗೆಳೆದುಕೊಳ್ಳುತ್ತ ಗಾಜಿನ ಪೆಟ್ಟಿಗೆಯಲ್ಲಿ ಎಂಟು ದಿನ ಇತ್ತು. ಬಾಣಂತಿ ಮೊಲೆಹಾಲು ಹಿಂಡಿ ಬಟ್ಟಲಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆ ಬಟ್ಟಲು ನನಗೆ ಇನ್ನೂ ಕಾಣುತ್ತದೆ.

ವೈನಿ ಫೈಲು ತೆಗೆದುಕೊಂಡು ಮರುದಿನ ಡಾಕ್ಟರ್ ಹತ್ತಿರ ಹೋದರು. ಡಾಕ್ಟರ್ ಮೊದಲ ಸ್ಕ್ಯಾನ್ ನೋಡಿ, ತಾವೇ ಎಣಿಸಿ, ಗುರುವಾರ ಬೇಡ ಅಂದರಂತೆ. ಬೀಗತಿಗೆ ಬೇಸರವಾಯಿತು. ಅವರನ್ನು ನಾನು ದೂರುವುದಿಲ್ಲ. ಮೊಮ್ಮಗುವಿಗೆ ಒಳ್ಳೆಯ ದಿನ ಬಯಸುವುದು ಪ್ರೀತಿಯೇ.

ಹಾಗಂತ ಎಷ್ಟಾದರೂ ಕಾಯಬಹುದು ಅಂತ ಯಾರೂ ತಿಳಿಯಬಾರದು. ಸ್ವೀಡನ್ನಿನಲ್ಲಿ 41 ವಾರಕ್ಕೆ ನೋವು ತರಿಸುವುದೋ 42ರ ತನಕ ಕಾಯುವುದೋ ಅಂತ 2,760 ಹೆಂಗಸರಲ್ಲಿ ನೋಡಿದರು. ಕಾದವರಲ್ಲಿ ಆರು ಕೂಸು ತೀರಿಕೊಂಡವು, ನೋವು ತರಿಸಿದವರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಬಿಪಿ ಏರಿದರೆ, ನೀರು ಒಡೆದರೆ, ರಕ್ತ ಕಂಡರೆ, ತಲೆನೋವು ಬಂದು ಕಣ್ಣು ಮಂಜಾದರೆ ವಾರದ ಲೆಕ್ಕವೇ ಬೇಡ, 108ಕ್ಕೆ ಫೋನ್. ಹುಡುಗಿಗೆ ದಿನಾ ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಕೂಸು ಆಡುವುದನ್ನು ಎಣಿಸಲು ಹೇಳಿದೆ. ಎರಡು ತಾಸಿನಲ್ಲಿ ಹತ್ತು ಆಗದಿದ್ದರೆ ನಡುರಾತ್ರಿಯಾದರೂ ಎಬ್ಬಿಸು ಅಂದೆ.

ಗುರುಪುಷ್ಯ ಬಂತು, ಹೋಯಿತು. ಮುಂದಿನ ಗುರುವಾರ ಖರೇ 39 ತುಂಬಿತು. ಅದರಾಚೆಯ ಸೋಮವಾರ ಮಧ್ಯಾಹ್ನ ನಾನೂ ವೈನಿಯೂ ಕಡೆಯ ಗೋಣಿಯ ಮೆಣಸಿನಕಾಯಿ ಮುಂದೆ ಕೂತಿದ್ದೆವು. ಈಗ 41ರ ತನಕ ಕಾಯಬಹುದು ಅಂತ ನಾನು, ನಾಳೆಯೇ ಹೋಗೋಣ ಅಂತ ವೈನಿ. ಹುಡುಗಿ ಬಾಗಿಲ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು, ಪಾದ ಬಾತಿತ್ತು.

"ನನ್ನ ಯಾರರ ಕೇಳ್ತೀರೇನು?" ಅಂದಳು.

ನನ್ನ ಕೈ ಅಲ್ಲೇ ನಿಂತಿತು. ಹದಿನೈದು ದಿನ ಬೇಲಿಯ ಮೇಲೆ ಅವಳ ಹೊಟ್ಟೆಯ ಮಾತಾಡಿದ್ದೆವು.

"ರಾತ್ರಿ ನಿದ್ದಿಲ್ಲ ಕಾಕೂ. ಮಗ್ಗಲ ಹೊಳ್ಳಾಕ ಆಗೂದಿಲ್ಲ. 41ರ ತನಕಾ ನನ್ನಿಂದ ಆಗೂದಿಲ್ಲ. ಗುರುವಾರ 40 ತುಂಬತಾವ. ಶುಕ್ರವಾರ ತನಕಾ ನೋಡೂಣು. ಬರಲಿಲ್ಲಂದ್ರ ಬ್ಯಾನಿ ತರಸಲಿ, ನಾ ಹೂಂ ಅಂತೀನಿ. ಆದ್ರ ಇಲ್ಲಿ ಬ್ಯಾಡ. ಕೊಲ್ಲಾಪುರದಾಗ, ರಾತ್ರಿನೂ ಡಾಕ್ಟರ್ ಇರೋ ಕಡೆ. ಎರಡು ದಿನ ಹಿಡದ್ರೂ ಇರ್ತೀನಿ."

ಕೊಲ್ಲಾಪುರ 60 ಕಿಲೋಮೀಟರಿಗೂ ಮೇಲೆ. ನಾನು ತರಬೇತಿಗೆ ಹೋಗುತ್ತಿದ್ದ ಸಿಪಿಆರ್ ಆಸ್ಪತ್ರೆ ಅಲ್ಲಿದೆ. ಹಿಂದೆ ಅದರ ಹೆಸರು ಆಲ್ಬರ್ಟ್ ಎಡ್ವರ್ಡ್. ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ಡಾಕ್ಟರಿಕೆ ಮುಗಿಸಿದಾಗ, 1886ರಲ್ಲಿ, ಕೊಲ್ಲಾಪುರ ಸಂಸ್ಥಾನ ಅದರ ಹೆಣ್ಣುಮಕ್ಕಳ ವಾರ್ಡನ್ನು ಅವರ ಕೈಗೆ ಕೊಟ್ಟಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಹೆತ್ತು ಹತ್ತೇ ದಿನಕ್ಕೆ ಕೂಸು ಕಳಕೊಂಡವರು ಅವರು. ವಾರ್ಡಿಗೆ ಬರಲು ಆಗಲೇ ಇಲ್ಲ. 1887ರ ಫೆಬ್ರುವರಿ 26ರಂದು ತೀರಿಕೊಂಡರು, 22 ಕೂಡ ತುಂಬಿರಲಿಲ್ಲ. ಮರಾಠಿ ಸಾಲೆಯಲ್ಲಿ ಹುಡುಗಿ ಅವರ ಪಾಠ ಓದಿದ್ದಾಳೆ. ಕಾಣದ ಬಸುರಿಯರ ಮಾತು ಕೇಳಿಸಿಕೊಳ್ಳಲು ಅಷ್ಟು ದೂರ ಹೋದವರು ಅವರು. ನಾನು ಬೇಲಿಯ ಆಚೆ ಕೂತ ಇವಳನ್ನು ಕೇಳಿರಲಿಲ್ಲ.

"ಹಂಗಽ ಆಗಲಿ ತಂಗಿ," ಅಂದೆ. "ಶುಕ್ರವಾರ ನಾನೂ ಬರ್ತೀನಿ."

ವೈನಿ ಒಳಗೆ ಹೋಗಿ ಅಳಿಯನಿಗೆ ಫೋನ್ ಹಚ್ಚಿದರು. ಹುಡುಗಿ ಬ್ಯಾಗು ಎಳೆದುಕೊಂಡಳು. ಹಳೆ ಸೀರೆಯ ತುಂಡು, ಕೂಸಿನ ಕುಲಾಯಿ, ಎರಡು ಗೌನು, ಥರ್ಮಾಸ್. ಫೈಲು ಬಿಚ್ಚಿ ಆಧಾರ್ ಜೆರಾಕ್ಸಿನ ಹಿಂದಿನಿಂದ ಆ ಮಡಚಿದ ಹಾಳೆ ತೆಗೆದು, ಉಗುರಿನಿಂದ ಮಡಿಕೆ ನೆಟ್ಟಗೆ ಮಾಡಿದಳು.

"ಕಾಕೂ, ಇದನ್ನ ಎಲ್ಲಾರಕಿಂತ ಮ್ಯಾಲ ಇಡ್ಲೇನು?"